ಚೈನ್ ಸಾ ಬಾರ್‌ಗೆ ಆಯಿಲ್ ಸರಿಯಾಗಿ ಬರುತ್ತಿಲ್ಲ, ಪಂಪ್ ಬದಲಾಯಿಸಬೇಕಾ?

ಟ್ಯಾಂಕ್ ತುಂಬ ಆಯಿಲ್ ಇದ್ದರೂ ಬಾರ್ (ಚೈನು ಸುತ್ತ ಓಡುವ ಉದ್ದ ಪಟ್ಟಿ) ಒಣಗಿ ಹೊಗೆಯಾಡುತ್ತದೆ, ಚೈನು ಪದೇ ಪದೇ ಸಡಿಲವಾಗುತ್ತದೆ, ಹೊಸ ಪಂಪ್ ತರಿಸಲಾ ಎಂದು ಕೇಳಿದ್ದೀರಿ. ಈಗಲೇ ತರಿಸಬೇಡಿ. ಪಂಪ್ ಕೆಡುವುದಕ್ಕಿಂತ ಆಯಿಲ್ ಹೋಗುವ ದಾರಿ ಕಟ್ಟಿಕೊಳ್ಳುವುದೇ ಹೆಚ್ಚು. ಬಾರ್ ಕಡೆಯಿಂದ ಶುರುಮಾಡಿ ಟ್ಯಾಂಕಿನ ಕಡೆಗೆ ಹುಡುಕುತ್ತಾ ಹೋಗಿ.

ಏನನ್ನಾದರೂ ಬಿಚ್ಚುವ ಮೊದಲು ಆಯಿಲ್ ಟ್ಯಾಂಕ್ ಎಷ್ಟು ಖಾಲಿಯಾಗುತ್ತಿದೆ ನೋಡಿ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟರಲ್ಲಿ ಆಯಿಲ್ ಕೂಡ ಬಹುಪಾಲು ಖಾಲಿಯಾಗಿರಬೇಕು. ಆಯಿಲ್ ಖಾಲಿಯಾಗುತ್ತಿದೆ, ಆದರೆ ಬಾರ್ ಒಣಗಿದೆ ಎಂದರೆ ಪಂಪ್ ಕೆಲಸ ಮಾಡುತ್ತಿದೆ, ಆಯಿಲ್ ಚೈನಿಗೆ ಸೇರುವ ಮೊದಲೇ ಹೊರಗೆ ಸೋರುತ್ತಿದೆ. ಖಾಲಿಯೇ ಆಗುತ್ತಿಲ್ಲ ಎಂದರೆ ದಾರಿ ಪೂರ್ತಿ ಕಟ್ಟಿದೆ, ಇಲ್ಲವೇ ಪಂಪಿಗೆ ಆಯಿಲ್ ಸಿಗುತ್ತಿಲ್ಲ, ಅಥವಾ ಪಂಪೇ ಓಡುತ್ತಿಲ್ಲ.

ಎಂಜಿನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತು, ಕವರ್, ಚೈನು, ಬಾರ್ ಬಿಚ್ಚಿ. ಬಾರ್ ಕೂರುವ ಜಾಗದಲ್ಲಿ ಮರದ ಹೊಟ್ಟು ಆಯಿಲ್ ಜೊತೆ ಕಲಸಿ ಕಪ್ಪು ಅಂಟಾಗಿ ಕೂತಿರುತ್ತದೆ. ಬ್ರಷ್ ಹಾಕಿ ಅದನ್ನೆಲ್ಲ ತೆಗೆದರೆ ಆಯಿಲ್ ಹೊರಬರುವ ಕಿಂಡಿ ಕಾಣುತ್ತದೆ. ಈಗ ಕ್ಯಾಪ್ ಹಾಕಿ, ಚೈನ್ ಬ್ರೇಕ್ ಬಿಟ್ಟು, ಬಾರ್ ಇಲ್ಲದೆ ಸ್ಟಾರ್ಟ್ ಮಾಡಿ. ಚೈನನ್ನು ತಿರುಗಿಸುವ ಕ್ಲಚ್ ಡ್ರಮ್ ತೆರೆದಿರುತ್ತದೆ, ಕೈ, ಬಟ್ಟೆ ಹತ್ತಿರ ಬರಬಾರದು. ಡ್ರಮ್ ತಿರುಗುವಷ್ಟು ಮಾತ್ರ ಆಕ್ಸಿಲರೇಟರ್ ಕೊಡಿ, ಏಕೆಂದರೆ ಎಷ್ಟೋ ಮಾಡೆಲ್‌ಗಳಲ್ಲಿ ಡ್ರಮ್ ತಿರುಗಿದರೆ ಮಾತ್ರ ಪಂಪ್ ಓಡುತ್ತದೆ. ಅರ್ಧ ನಿಮಿಷದಲ್ಲಿ ಕಿಂಡಿಯಿಂದ ಆಯಿಲ್ ಇಳಿದರೆ ಪಂಪ್ ಚೆನ್ನಾಗಿದೆ, ತೊಂದರೆ ಬಾರ್‌ನದು.

ಬಾರ್‌ನ ಹಿಂಬದಿಯಲ್ಲಿ ಆಯಿಲ್ ಒಳಹೋಗುವ ಸಣ್ಣ ತೂತಿದೆ, ಮೇಲೊಂದು, ಕೆಳಗೊಂದು. ತೆಳು ತಂತಿ ಹಾಕಿ ಎರಡನ್ನೂ ಬಿಡಿಸಿ. ಬಾರ್ ಅಂಚಿನಲ್ಲಿ ಚೈನು ಓಡುವ ತೋಡನ್ನು ಹಳೆಯ ಹ್ಯಾಕ್ಸಾ ಬ್ಲೇಡಿನಿಂದ ತಳದವರೆಗೆ ಕೆರೆಯಿರಿ. ಮೇಲ್ಮೇಲೆ ಒರೆಸಿದರೆ ಪ್ರಯೋಜನವಿಲ್ಲ, ಹೊಟ್ಟು ಗಟ್ಟಿಯಾಗಿ ಕೂರುವುದೇ ತಳದಲ್ಲಿ. ಕೊನೆಗೆ ತೂತಿನಿಂದ ಗಾಳಿ ಊದಿದರೆ ಅದು ತೋಡಿನಿಂದ ಹೊರಬರಬೇಕು. ತೋಡು ಸವೆದು ಆಳ ಕಡಿಮೆಯಾಗಿದ್ದರೆ ಚೈನಿನ ಡ್ರೈವ್ ಲಿಂಕ್ (ತೋಡಿನೊಳಗೆ ಓಡುವ ಕೊಂಡಿ) ತುದಿ ತಳಕ್ಕೆ ತಾಗುತ್ತದೆ. ಆಯಿಲ್ ಎಳೆದುಕೊಂಡು ಹೋಗುವುದೇ ಆ ತುದಿ. ಅಂಥ ಬಾರ್ ಬದಲಾಯಿಸಲೇಬೇಕು. ಬೇರೆ ಮಷಿನ್‌ಗೆ ಮಾಡಿದ ಬಾರ್ ಹಾಕಿದ್ದರೆ ತೂತು ಕಿಂಡಿಯ ಎದುರಿಗೆ ಬರುತ್ತದೆಯೇ ನೋಡಿ. 1.3 ಎಂಎಂ ದಪ್ಪ ಲಿಂಕಿನ ಚೈನನ್ನು 1.5 ಎಂಎಂ ಅಗಲ ತೋಡಿನ ಬಾರ್‌ಗೆ ಹಾಕಿದರೆ ಚೈನು ಅಲುಗಾಡುತ್ತದೆ, ತೋಡೂ ಬೇಗ ಸವೆಯುತ್ತದೆ.

ಕಿಂಡಿಯಿಂದಲೇ ಆಯಿಲ್ ಬರದಿದ್ದರೆ ಆಯಿಲ್ ಟ್ಯಾಂಕ್ ಮುಚ್ಚಳ ಸ್ವಲ್ಪ ಸಡಿಲಿಸಿ ಮತ್ತೆ ನೋಡಿ. ಆಗ ಬಂದರೆ ಗಾಳಿ ಒಳಹೋಗುವ ವಾಲ್ವ್ ಕಟ್ಟಿದೆ. ಆಗಲೂ ಬರದಿದ್ದರೆ ಆಯಿಲ್ ಖಾಲಿ ಮಾಡಿ, ಒಳಗಿನ ಪೈಪನ್ನು ಕೊಕ್ಕೆ ತಂತಿಯಿಂದ ಎಳೆದು ತುದಿಯ ಫಿಲ್ಟರ್ ತೊಳೆಯಿರಿ. ಪೈಪು ಬಿರುಕು ಬಿಟ್ಟಿದ್ದರೆ ಅಥವಾ ಮೆತ್ತಗಾಗಿದ್ದರೆ ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ.

ಇಷ್ಟಾದರೂ ಆಯಿಲ್ ಇಲ್ಲ ಎಂದರೆ ಮಾತ್ರ ಕ್ಲಚ್ ಬಿಚ್ಚಿ. ಹೆಚ್ಚಿನವು ಎಡ ಥ್ರೆಡ್, ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತವೆ. ಪಿಸ್ಟನ್ ಎಕ್ಸಾಸ್ಟ್ ಕಿಂಡಿ ಮುಚ್ಚಿದ ಮೇಲೆ ಪ್ಲಗ್ ತೂತಿನಿಂದ ಹಗ್ಗ ತುರುಕಿದರೆ ಕ್ಲಚ್ ಬಿಚ್ಚುವಾಗ ಎಂಜಿನ್ ತಿರುಗುವುದಿಲ್ಲ. ಡ್ರಮ್ ಹಿಂದೆ ಪಂಪ್ ಓಡಿಸುವ ವರ್ಮ್ ಗೇರ್ ಪ್ಲಾಸ್ಟಿಕ್ಕಿನದಾದರೆ ಹಲ್ಲು ಸವೆದಿರುವುದು ಅಥವಾ ಕ್ಲಚ್ ಬಿಸಿಗೆ ಕರಗಿರುವುದು ಸಾಮಾನ್ಯ. ಅದೊಂದೇ ಹಾಳಾಗಿದ್ದರೆ ಗೇರ್ ಹಾಕಿದರೆ ಸಾಕು, ಪಂಪ್ ಬೇಡ.

ಆಯಿಲ್ ಬಗ್ಗೆ ಒಂದು ಮಾತು. ಬಳಸಿ ಬಿಟ್ಟ ಎಂಜಿನ್ ಆಯಿಲ್ ಹಾಕಲೇಬೇಡಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪನ್ನು ತಿನ್ನುತ್ತದೆ, ಚೈನಿಗೆ ಅಂಟಿಕೊಳ್ಳುವುದೂ ಇಲ್ಲ. ಚೈನ್ ಆಯಿಲನ್ನೇ ಹಾಕಿ, ಚಳಿ ಇದ್ದರೆ ತೆಳುವಾದದ್ದು.

ಜೋಡಿಸುವಾಗ ಬಾರ್ ಮಗುಚಿ ಹಾಕಿ, ಎರಡೂ ಅಂಚು ಸಮನಾಗಿ ಸವೆಯುತ್ತವೆ. ನಂತರ ತಿಳಿ ಬಣ್ಣದ ರಟ್ಟಿನ ಮೇಲೆ ಬಾರ್ ತುದಿಯನ್ನು 20 ಸೆಂ.ಮೀ. ಎತ್ತರದಲ್ಲಿ ಹಿಡಿದು ಮುಕ್ಕಾಲು ಆಕ್ಸಿಲರೇಟರ್‌ನಲ್ಲಿ ಓಡಿಸಿ. ಒಂದು ನಿಮಿಷದೊಳಗೆ ಆಯಿಲ್ ಗೆರೆ ಮೂಡಬೇಕು. ಗೆರೆ ತೀರ ತೆಳುವಾಗಿದ್ದರೆ, ನಿಮ್ಮ ಮಾಡೆಲ್‌ನಲ್ಲಿ ಆಯಿಲ್ ಹೊಂದಿಸುವ ಸ್ಕ್ರೂ ಇದ್ದರೆ ಈಗ ಅದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.