ಸೊಪ್ಪಿನಮ್ಮ ಬೆಳಗ್ಗೆ 900 ಸಾಲ ತಗೊಂಡು ಸಂಜೆ 1,000 ಕೊಡ್ತಾರೆ. ನಾಲ್ಕು ಕಾಸು ಉಳಿಸಿ ಈ ಸಾಲ ಬಿಡೋಕೆ ಆಗಲ್ವಾ?

ನಿಮ್ಮ ಬೀದಿಯ ಸೊಪ್ಪಿನಮ್ಮನಿಗೆ ಲೆಕ್ಕ ಬರಲ್ಲ ಅಂತ ಮಾತ್ರ ಅಂದ್ಕೋಬೇಡಿ. ನಮ್ಮಮ್ಮನೂ ಕೆ.ಆರ್. ಮಾರ್ಕೆಟ್‌ನಿಂದ ಸೊಪ್ಪು ತಂದು ಮಾರುತ್ತಿದ್ದರು. ಈ ಮೀಟರ್ ಬಡ್ಡಿ ನೋಡಿಕೊಂಡೇ ನಾನು ಬೆಳೆದೆ.

ಬಡ್ಡಿಯವನು ಸಾವಿರ ಅಂತ ಬರ್ಕೊಂಡು, ನೂರು ಮುರ್ಕೊಂಡು, 900 ಕೈಗೆ ಕೊಡುತ್ತಿದ್ದ. ಒಂದೇ ದಿನಕ್ಕೆ ಶೇ. 11ಕ್ಕೂ ಜಾಸ್ತಿ ಬಡ್ಡಿ ಆಯ್ತಲ್ಲ! ಅಮ್ಮನಿಗೂ ಅದು ಗೊತ್ತಿತ್ತು. ಆದರೆ ಬೆಳಗಿನ ಜಾವ ನಾಲ್ಕಕ್ಕೆ, ಕಾಗದ ಪತ್ರ ಕೇಳದೆ ದುಡ್ಡು ಕೊಡುವವನು ಅವನೊಬ್ಬನೇ. ಬ್ಯಾಂಕ್ ಬಾಗಿಲು ತೆಗೆಯುವ ಹೊತ್ತಿಗೆ ಅರ್ಧ ಸೊಪ್ಪು ಮಾರಿ ಆಗಿರಬೇಕು. ಬಿಸಿಲೇರಿದರೆ ಕೊತ್ತಂಬರಿ ಅರ್ಧ ರೇಟಿಗೂ ಹೋಗಲ್ಲ. ಅವತ್ತೂ ಸಂಜೆ ಸಾವಿರ ಕೊಡಲೇಬೇಕು. ಕೊಡದಿದ್ದರೆ ಬಾಕಿ ಅಸಲಿಗೆ ಸೇರುತ್ತಿತ್ತು, ಬೈಗುಳ ಬೇರೆ.

ಉಳಿತಾಯ ಅಂದ್ರಲ್ಲ, ಅಮ್ಮ ಅಕ್ಕಿ ಡಬ್ಬದಲ್ಲಿ ಎತ್ತಿಡುತ್ತಿದ್ದರು. ನನಗೆ ಜ್ವರ ಬಂತು, ಜಡಿಮಳೆ ಹಿಡಿಯಿತು, ಸ್ಕೂಲ್ ಫೀಸು ಕಟ್ಟಬೇಕಾಯಿತು. ಡಬ್ಬ ಖಾಲಿ. ಮತ್ತೆ ಅವನ ಮುಂದೆಯೇ ನಿಲ್ಲಬೇಕು. ಚೆನ್ನೈನ ಕೋಯಂಬೇಡು ಮಾರುಕಟ್ಟೆಯಲ್ಲಿ ಸಂಶೋಧಕರು ಇಂಥ ವ್ಯಾಪಾರಿಗಳ ಸಾಲವನ್ನು ತಾವೇ ತೀರಿಸಿ ನೋಡಿದ್ದರು. ಒಬ್ಬೊಬ್ಬರಾಗಿ ಮತ್ತೆ ಸಾಲಕ್ಕೆ ಬಿದ್ದರು. ಅವರೆಲ್ಲ ಸೋಮಾರಿಗಳಲ್ಲ. ಒಂದು ಕೆಟ್ಟ ವಾರ ತಡೆದುಕೊಳ್ಳುವಷ್ಟು ಕಾಸು ಕೈಯಲ್ಲಿ ನಿಲ್ಲಲ್ಲ, ಅಷ್ಟೇ.

ಕಾನೂನು ಇದೆ. ವಿಪರೀತ ಬಡ್ಡಿ ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 2004ರಿಂದಲೇ ಇದೆ. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಆದರೆ ನಾಳೆ ಬೆಳಗ್ಗೆ ಯಾರ ಹತ್ತಿರ ಕೈಚಾಚಬೇಕೋ ಅವನ ಮೇಲೆ ಇವತ್ತು ದೂರು ಕೊಡೋದು ಯಾರು?

ನಿಮಗೆ ನಿಜಕ್ಕೂ ಏನಾದರೂ ಮಾಡಬೇಕು ಅನಿಸಿದರೆ, ಪಿಎಂ ಸ್ವನಿಧಿ ಸಾಲ ಕೊಡಿಸಿ. ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದೆ ಸಿಗುತ್ತೆ. ಮೊದಲ ಸಲ ಸಿಗೋ ಸಾಲ ಈಗ 15,000 ರೂಪಾಯಿವರೆಗೆ. ಪಾಲಿಕೆಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಬೇಕು, ಇಲ್ಲೇ ಎಲ್ಲರೂ ಸುಸ್ತಾಗೋದು. ಕಚೇರಿಗೆ ಅಲೆದರೆ ಅವತ್ತಿನ ವ್ಯಾಪಾರ ಹೋಯ್ತು. ಅರ್ಜಿ ನೀವೇ ತುಂಬಿ, ಬ್ಯಾಂಕಿಗೆ ಜೊತೆಗೆ ಹೋಗಿ. ಬಂದ ದುಡ್ಡನ್ನು ಹಳೇ ಸಾಲಕ್ಕೆ ಸುರಿಯದೆ ದಿನದ ಬಂಡವಾಳಕ್ಕೇ ಇಟ್ಟುಕೊಳ್ಳಲಿ. ಒಂದು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 1,300–1,400 ಕಟ್ಟಿದರೆ ಸಾಕು. ಈಗ ಅವರು ಬರೀ ಬಡ್ಡಿಗೇ ತಿಂಗಳಿಗೆ 3,000 ಕೊಡುತ್ತಿದ್ದಾರೆ.