ಹಿರೋಶಿಮಾದಲ್ಲಿ ಕಲಿಯೋಕೆ ಏನಿದೆ ಅಂತೀರಾ ಮಾಸ್ತರರೇ?

ಯಲ್ಲಾಪುರದಿಂದ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ವಿಕಿರಣ ತಗುಲಿದವರ ಆರೈಕೆ ಕಲಿಯಲು ಬೇರೆ ಬೇರೆ ದೇಶದ ಡಾಕ್ಟರುಗಳು ಹಿರೋಶಿಮಾಕ್ಕೆ ಹೋಗುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಹಾಕಿದ್ದೆವು. ಅದಕ್ಕೆ ಇವರ ತಕರಾರು: ‘ಬಾಂಬು ಬಿದ್ದು 80 ವರ್ಷ ಆಯಿತು. ಕ್ಯಾನ್ಸರ್ ಎಲ್ಲಿ ಬಂದರೂ ಕ್ಯಾನ್ಸರೇ. ನನ್ನ ಮೊಮ್ಮಗಳೂ ಎಂಬಿಬಿಎಸ್ ಓದುತ್ತಿದ್ದಾಳೆ, ಇಲ್ಲೇ ಕಲಿಯುತ್ತಾಳೆ. ಅಷ್ಟು ದೂರ ಹೋಗುವುದು ಊರು ನೋಡುವ ನೆಪ ಅಲ್ವಾ?’

ಮಾಸ್ತರರೇ, ಊರು ನೋಡುವ ಆಸೆ ಯಾರಿಗೂ ಇರುವುದಿಲ್ಲ ಅಂತ ನಾನು ಹೇಳಲಾರೆ. ಆದರೆ ಕ್ಯಾನ್ಸರ್ ಬರೋದು ಯಾವಾಗ ಅನ್ನೋದು ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿದೆ. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕಿ ಉಳಿದವರಲ್ಲಿ ರಕ್ತದ ಕ್ಯಾನ್ಸರ್ ಎರಡು ಮೂರು ವರ್ಷಕ್ಕೇ ಕಾಣಿಸಿಕೊಂಡಿತು, ಆರೆಂಟು ವರ್ಷದ ಹೊತ್ತಿಗೆ ಏರಿತು, ಆಮೇಲೆ ಇಳಿಯಿತು. ಹೊಟ್ಟೆ, ಸ್ತನ, ಶ್ವಾಸಕೋಶದ ಗಡ್ಡೆಗಳು ಹಾಗಲ್ಲ. ಸುಮಾರು ಹತ್ತು ವರ್ಷ ಸುಮ್ಮನಿದ್ದು ಶುರುವಾದವು, ಅವತ್ತು ಮಗುವಾಗಿದ್ದವರು ಮುದುಕರಾದ ಮೇಲೂ ಆ ಅಪಾಯ ಪೂರ್ತಿ ಹೋಗಲಿಲ್ಲ.

ಇದೆಲ್ಲ ಗೊತ್ತಾಗಿದ್ದು ಹೇಗೆ? ಆ ದಿನ ಊರಲ್ಲಿ ಇಲ್ಲದವರನ್ನೂ ಹೋಲಿಕೆಗೆ ಸೇರಿಸಿಕೊಂಡು ಸುಮಾರು 1,20,000 ಜನರ ಆರೋಗ್ಯದ ಲೆಕ್ಕವನ್ನು ದಶಕಗಟ್ಟಲೆ ಇಟ್ಟಿದ್ದರಿಂದ. ಬಾಂಬು ಬಿದ್ದ ಹೊತ್ತಿಗೆ ಎಲ್ಲಿದ್ದಿರಿ, ಮರದ ಮನೆಯೊಳಗಾ, ಕಾಂಕ್ರೀಟ್ ಗೋಡೆ ಹಿಂದೆಯಾ, ಬಯಲಲ್ಲಾ ಎಂದು ಒಬ್ಬೊಬ್ಬರನ್ನೂ ಕೇಳಿ ನಕ್ಷೆ ಬರೆದು ಡೋಸ್, ಅಂದರೆ ಮೈಗೆ ಬಿದ್ದ ವಿಕಿರಣ ಎಷ್ಟು ಅಂತ ಅಂದಾಜು ಮಾಡಿದರು. ಇದರ ಹಿಂದೆ ಒಂದು ಕಹಿಯೂ ಇದೆ. 1947ರಲ್ಲಿ ಅಮೆರಿಕದವರು ಶುರು ಮಾಡಿದ ಆಯೋಗ ಪರೀಕ್ಷೆ ಮಾಡುತ್ತಿತ್ತು, ಔಷಧಿ ಕೊಡುತ್ತಿರಲಿಲ್ಲ. ನಮ್ಮನ್ನು ಪ್ರಯೋಗದ ಇಲಿ ಮಾಡಿಕೊಂಡಿದ್ದಾರೆ ಅಂತ ಜನ ಸಿಟ್ಟಾದರು, ಆಗದೇ ಇರ್ತಾರಾ? 1975ರಿಂದ ಎರಡೂ ದೇಶಗಳು ಸೇರಿ ನಡೆಸುವ ಸಂಸ್ಥೆ ಅದರ ಜಾಗಕ್ಕೆ ಬಂತು.

ಡಾಕ್ಟರುಗಳಿಗೆ ತರಬೇತಿ ಕೊಡುವ ‘ಹೈಕೇರ್’ ಎಂಬ ಮಂಡಳಿಯನ್ನು ಹಿರೋಶಿಮಾದ ಪ್ರಾಂತ್ಯ, ನಗರ ಆಡಳಿತ ಮತ್ತು ಆಸ್ಪತ್ರೆಗಳು ಸೇರಿ ಕಟ್ಟಿದ್ದು 1991ರಲ್ಲಿ. ಮರುವರ್ಷ ನಾಗಾಸಾಕಿಯಲ್ಲೂ ‘ನಾಶಿಮ್’ ಅಂತ ಒಂದು ಹುಟ್ಟಿತು. ಆ ಹೊತ್ತನ್ನು ಗಮನಿಸಿ. 1986ರಲ್ಲಿ ಉಕ್ರೇನಿನ ಚೆರ್ನೋಬಿಲ್ ಅಣು ಸ್ಥಾವರ ಸಿಡಿದದ್ದರ ಪೆಟ್ಟು ಆಗ ತಾನೇ ಕಾಣಿಸತೊಡಗಿತ್ತು. ನಲವತ್ತು ವರ್ಷದಲ್ಲಿ 456 ಅಣು ಪರೀಕ್ಷೆ ಕಂಡ ಕಜಾಕಿಸ್ತಾನದ ಸೆಮಿಪಲಾಟಿನ್‌ಸ್ಕ್ ಮೈದಾನಕ್ಕೆ ಬೀಗ ಬಿದ್ದದ್ದೂ 1991ರಲ್ಲೇ. ಈ ಎರಡೂ ಕಡೆಯ ರೋಗಿಗಳನ್ನು ನೋಡುವ ಡಾಕ್ಟರುಗಳೂ ಹಿರೋಶಿಮಾಕ್ಕೆ ಬಂದರು.

ಚೆರ್ನೋಬಿಲ್ ಮಕ್ಕಳ ಕತೆ ಸ್ವಲ್ಪ ಹೇಳಲೇಬೇಕು. ಸ್ಥಾವರದಿಂದ ಹಾರಿದ ವಿಕಿರಣದ ಅಯೋಡಿನ್ ಹುಲ್ಲಿಗೆ ಬಿತ್ತು, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಗುವಿನ ಗಂಟಲಲ್ಲಿರುವ ಥೈರಾಯ್ಡ್‌ಗೆ. ಎಂಟು ದಿನಕ್ಕೊಮ್ಮೆ ಅದರ ಶಕ್ತಿ ಅರ್ಧ ಆಗುತ್ತದೆ, ಅಂದರೆ ಕೆಲವು ವಾರ ಆ ಹಾಲು ಕುಡಿಸದಿದ್ದರೆ ಸಾಕಿತ್ತು. ಪಕ್ಕದ ಪೋಲೆಂಡ್ ಒಂದು ಕೋಟಿಗೂ ಜಾಸ್ತಿ ಮಕ್ಕಳಿಗೆ ವಿಕಿರಣ ಇಲ್ಲದ ಒಳ್ಳೆ ಅಯೋಡಿನ್ ಕುಡಿಸಿತು, ಥೈರಾಯ್ಡ್ ಅದರಿಂದಲೇ ತುಂಬಿ ಕೆಟ್ಟದ್ದಕ್ಕೆ ಜಾಗ ಇಲ್ಲದಿರಲಿ ಅಂತ. ಬೆಲಾರುಸ್, ಉಕ್ರೇನ್ ಹಳ್ಳಿಗಳಲ್ಲಿ ಮಕ್ಕಳು ಅದೇ ಹಾಲು ಕುಡಿಯುತ್ತಲೇ ಇದ್ದರು. ನಾಲ್ಕೈದು ವರ್ಷಕ್ಕೇ ಥೈರಾಯ್ಡ್ ಕ್ಯಾನ್ಸರ್ ಏರಿತು ಎಂದು ಅಲ್ಲಿನ ಡಾಕ್ಟರುಗಳು ಹೇಳಿದಾಗ ಹೊರಗಿನ ತಜ್ಞರಲ್ಲಿ ಎಷ್ಟೋ ಜನ ನಂಬಲಿಲ್ಲ, ಹಿರೋಶಿಮಾದ ಲೆಕ್ಕದಲ್ಲಿ ಅಷ್ಟು ಬೇಗ ಬರುವ ಹಾಗಿರಲಿಲ್ಲವಲ್ಲ! ಕೊನೆಗೆ ಹಳ್ಳಿಯ ಡಾಕ್ಟರುಗಳ ಮಾತೇ ನಿಜವಾಯಿತು. ಹಾಗಾಗಿ ಕಲಿಸುವವರೂ ಅವರಿಂದ ಕಲಿತರು. ಗಂಟಲ ಮೇಲೆ ಅಲ್ಟ್ರಾಸೌಂಡ್ ಇಟ್ಟು ಸಣ್ಣ ಗಂಟು ಹುಡುಕುವುದು, ತೆಳು ಸೂಜಿಯಿಂದ ಜೀವಕೋಶ ತೆಗೆದು ನೋಡುವುದು, ಇದಕ್ಕೆ ಕೈ ಪಳಗಬೇಕು. 2005ರ ಹೊತ್ತಿಗೆ ಇಂಥ ಕ್ಯಾನ್ಸರ್ 6,000 ದಾಟಿತ್ತು, ಸತ್ತವರು 15. ಬೇಗ ಸಿಕ್ಕರೆ ಹೆಚ್ಚಿನವರು ಉಳಿಯುವ ಕಾಯಿಲೆ ಇದು.

ಇದು ದೂರದ ಮಾತು ಅಂತೀರಾ? ನಿಮ್ಮೂರಿಗೆ ಕೈಗಾ ಎಷ್ಟು ದೂರ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. 2009ರ ನವೆಂಬರ್‌ನಲ್ಲಿ ಅಲ್ಲಿಯ ಕುಡಿಯುವ ನೀರಿನ ಕೂಲರ್‌ಗೆ ಯಾರೋ ವಿಕಿರಣ ಸೂಸುವ ಟ್ರಿಟಿಯಂ ಬೆರೆಸಿದ್ದರು, 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಅದು ಸೇರಿತು. ಚಿಕಿತ್ಸೆ ಏನು ಗೊತ್ತಾ? ನೀರು ಜಾಸ್ತಿ ಕುಡಿಸಿ ಮೂತ್ರದಲ್ಲಿ ಹೊರಹಾಕಿಸುವುದು, ಅಷ್ಟೇ. ಮರುವರ್ಷ ದೆಹಲಿಯ ಮಾಯಾಪುರಿಯಲ್ಲಿ ಗುಜರಿಗೆ ಬಂದ ಹಳೆ ಯಂತ್ರದೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಸೂಸುವ ಲೋಹ ಇತ್ತು. ಅದನ್ನು ಮುಟ್ಟಿದವರ ಚರ್ಮ ಕಪ್ಪಾಯಿತು, ಕೂದಲು ಉದುರಿತು, ಒಬ್ಬರು ತೀರಿಕೊಂಡರು. ಇಂಥ ರೋಗಿ ಬೋರ್ಡು ಹಾಕಿಕೊಂಡು ಬರುವುದಿಲ್ಲ. ವಾಂತಿ ಅಂತ ಬರುತ್ತಾನೆ, ಸುಟ್ಟ ಗಾಯ ಅಂತ ಬರುತ್ತಾನೆ. ಏನು ಕೆಲಸ ಮಾಡ್ತೀಯಪ್ಪಾ ಎಂದು ಕೇಳಬೇಕು, ವಾಂತಿ ಎಷ್ಟು ಹೊತ್ತಿಗೆ ಶುರುವಾಯಿತು ಕೇಳಬೇಕು, ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳು ಎರಡು ದಿನದಲ್ಲಿ ಎಷ್ಟು ಇಳಿದವು ನೋಡಬೇಕು. ಡೋಸ್ ಎಷ್ಟು ಬಿದ್ದಿದೆ ಅನ್ನುವ ಮೊದಲ ಸುಳಿವು ಅಲ್ಲೇ ಸಿಗುತ್ತದೆ.

ಮೊಮ್ಮಗಳ ವಿಷಯ ಬರೆದಿದ್ದೀರಲ್ಲ, ಮುಂದಿನ ರಜೆಗೆ ಬಂದಾಗ ಅವಳ ಪುಸ್ತಕದಲ್ಲಿ ಈ ಪಾಠ ಎಷ್ಟು ಪುಟ ಇದೆ ಅಂತ ಒಮ್ಮೆ ಕೇಳಿ. ಉತ್ತರ ನನಗೂ ಬರೆಯಿರಿ, ಅಚ್ಚು ಹಾಕೋಣ.

– ಸಂಪಾದಕ