ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೆ ಲ್ಯಾಮಿನೇಟ್ ಹಲಗೆ ಹಾಸಬಹುದೇ? ಮೊದಲು ನೆಲಕ್ಕೆ ಏನು ಮಾಡಿಸಬೇಕು?

ಹಾಸಬಹುದು. ಆದರೆ ‘ಫೋಮ್ ಹಾಸಿ ಹಲಗೆ ಜೋಡಿಸಿದರೆ ಎರಡೇ ದಿನದ ಕೆಲಸ’ ಎಂದ ಅಂಗಡಿಯವರ ಮಾತು ನಂಬಿ ಈಗಲೇ ಮುಂಗಡ ಕೊಡಬೇಡಿ. ತೀರ್ಥಹಳ್ಳಿ ಕಡೆಯ ನೆಲಮಹಡಿಯ ಮನೆ, ಮೂವತ್ತು ವರ್ಷ ದಾಟಿದ ನೆಲ, ಅಲ್ಲಲ್ಲಿ ಬಿರುಕು, ಮಳೆಗಾಲದಲ್ಲಿ ತಾಯಿಯವರ ಕಾಲಿಗೆ ಥಂಡಿ ಎಂದೆಲ್ಲ ಬರೆದಿದ್ದೀರಿ. ಅಡಿಯಿಂದ ತೇವ ಏರುತ್ತದೆಯೇ ಎಂಬುದನ್ನು ಮಾತ್ರ ಬರೆದಿಲ್ಲ. ಉಳಿದ ನಿರ್ಧಾರಗಳೆಲ್ಲ ಅದರ ಮೇಲೆಯೇ ನಿಂತಿವೆ.

ಮಲೆನಾಡಿನಲ್ಲಿ ಮನೆ ಕಟ್ಟಿಸುವ, ದುರಸ್ತಿ ಮಾಡಿಸುವ ಕೆಲಸದಲ್ಲಿದ್ದೇನೆ. ಆ ಕಾಲದ ಮನೆಗಳಲ್ಲಿ ಸಾಮಾನ್ಯವಾಗಿ ಪಂಚಾಂಗದೊಳಗೆ, ಅಂದರೆ ಅಡಿಪಾಯದ ಕಟ್ಟಿನೊಳಗೆ, ಮಣ್ಣು ತುಂಬಿ, ದಿಮ್ಮಸು ಹೊಡೆದು, ಮೇಲೆ ತೆಳುವಾಗಿ ಕಾಂಕ್ರೀಟ್ ಹಾಕಿ ರೆಡ್ ಆಕ್ಸೈಡ್ ಉಜ್ಜುತ್ತಿದ್ದರು. ನಡುವೆ ಪ್ಲಾಸ್ಟಿಕ್ ಹಾಳೆ ಹಾಸುವ ರೂಢಿ ಇರಲಿಲ್ಲ. ಮಣ್ಣಿನ ನೀರು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಮೇಲೇರಿ ಮನೆಯೊಳಗೆ ಆವಿಯಾಗಿ ಹೋಗುತ್ತಲೇ ಇರುತ್ತದೆ. ನೆಲ ತೆರೆದಿರುವವರೆಗೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಮೇಲೆ ಮುಚ್ಚಿದಿರೋ, ತೇವಕ್ಕೆ ಹೋಗಲು ದಾರಿಯಿಲ್ಲ. ಲ್ಯಾಮಿನೇಟಿನ ತಿರುಳು ಮರದ ನಾರನ್ನು ಒತ್ತಿ ಮಾಡಿದ್ದು. ನೀರು ಕುಡಿದರೆ ಅಂಚುಗಳು ಉಬ್ಬುತ್ತವೆ, ಒಣಗಿದ ಮೇಲೂ ಮೊದಲಿನಂತೆ ಇಳಿಯುವುದಿಲ್ಲ.

ಪರೀಕ್ಷೆಗೆ ಖರ್ಚೇನೂ ಇಲ್ಲ. ಒಂದೂವರೆ ಅಡಿ ಚೌಕದ, ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿ ಒಣಗಿದ ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಕನಿಷ್ಠ 16 ಗಂಟೆ, ಸಾಧ್ಯವಾದರೆ ಪೂರ್ತಿ ಒಂದು ದಿನ ಬಿಡಿ. ಕೋಣೆಯ ನಡುವೆ ಒಂದು, ಹೊರಗೋಡೆಯ ಬುಡದಲ್ಲಿ ಒಂದು, ಬಚ್ಚಲಿನ ಗೋಡೆಯ ಪಕ್ಕ ಒಂದು ಇರಲಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅದರಡಿ ನೆಲದ ಬಣ್ಣ ಗಾಢವಾಗಿದ್ದರೆ ತೇವ ಅಡಿಯಿಂದ ಬರುತ್ತಿದೆ. ಹನಿ ಹಾಳೆಯ ಮೇಲ್ಮೈಯಲ್ಲಿದ್ದರೆ ಅದು ತಣ್ಣನೆಯ ನೆಲಕ್ಕೆ ತಾಗಿ ಬೆವರಿದ ಗಾಳಿಯ ನೀರು; ಅದರ ಕಥೆಯೇ ಬೇರೆ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದರೆ ನಿಲ್ಲುವುದಿಲ್ಲ. ಇನ್ನೊಂದು ಮಾತು: ಈ ಪರೀಕ್ಷೆಯನ್ನು ಮಾರ್ಚ್ ತಿಂಗಳಲ್ಲಿ ಮಾಡಿ ‘ಒಣಗಿದೆ’ ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ಮಾಡಿ ನೋಡಬೇಕು. ಹಲಗೆ ಹಾಸುವ ಕೆಲಸವನ್ನು ಡಿಸೆಂಬರ್ ನಂತರ ಇಟ್ಟುಕೊಳ್ಳಿ.

ತೇವ ಕಂಡರೆ ಮೊದಲು ಹೊರಗೆ ಹೋಗಿ ನೋಡಿ. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ? ಅಂಗಳದ ಮಣ್ಣು ವರ್ಷದಿಂದ ವರ್ಷಕ್ಕೆ ಏರಿ ನೆಲದ ಮಟ್ಟಕ್ಕೆ ಬಂದಿದೆಯೇ? ಒಂದು ಒಳ್ಳೆಯ ಚರಂಡಿಯಿಂದ ಆಗುವ ಉಪಕಾರ ಯಾವ ರಾಸಾಯನಿಕದಿಂದಲೂ ಆಗುವುದಿಲ್ಲ. ಆಮೇಲೆ ಉಳಿಯುವ ಅಲ್ಪ ತೇವಕ್ಕೆ 200 ಮೈಕ್ರಾನಿನ ಪಾಲಿಥೀನ್ ಹಾಳೆಯನ್ನು ಒಂದರ ಮೇಲೊಂದು 20 ಸೆಂಟಿಮೀಟರ್ ಬರುವಂತೆ ಹಾಸಿ, ಸೇರುವಲ್ಲಿ ಟೇಪ್ ಹಚ್ಚಿ, ಗೋಡೆಗೆ ಸ್ವಲ್ಪ ಹತ್ತಿಸಿದರೆ ಸಾಕು. ಚರಂಡಿ ಮಾಡಿಸಿದ ಮೇಲೂ ಹನಿ ಧಾರಾಳವಾಗಿ ಕಟ್ಟುತ್ತಿದ್ದರೆ ಲ್ಯಾಮಿನೇಟಿನ ಆಸೆ ಬಿಟ್ಟು ಟೈಲ್ಸ್ ಹಾಕಿಸಿ. ತಾಯಿಯವರ ಕಾಲಿಗೆ ಥಂಡಿ ಎಂಬುದೊಂದೇ ಕಾರಣವಾದರೆ, ನಿಜ ಹೇಳಬೇಕೆಂದರೆ, ದಪ್ಪನೆಯ ಜಮಖಾನೆಯಲ್ಲೇ ಕೆಲಸ ಮುಗಿಯಬಹುದು.

ಇನ್ನು ಸಮತಟ್ಟು. ಗಾರೆಯವರ ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಮಟ್ಟಗೋಲನ್ನು ನೆಲದ ಮೇಲೆ ಮಲಗಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ತೂರಿ ಬಂದಲ್ಲಿ ತಗ್ಗಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ. ಎರಡು ಮೀಟರಿಗೆ 3 ಮಿಲಿಮೀಟರಿಗಿಂತ ಹೆಚ್ಚು ಏರುತಗ್ಗು ಇರಬಾರದು. ಹಳೆಯ ಮನೆಗಳಲ್ಲಿ ಬಾಗಿಲ ಬಳಿ ಸವೆದಿರುತ್ತದೆ, ಒರಳುಕಲ್ಲು ಕಿತ್ತು ಗಾರೆ ಮೆತ್ತಿದ ಜಾಗ ಸುತ್ತಲಿಗಿಂತ ಉಬ್ಬಿಯೋ ತಗ್ಗಿಯೋ ಇರುತ್ತದೆ. ಇಡೀ ನೆಲ ಒಂದೇ ಕಡೆಗೆ ನಯವಾಗಿ ಇಳಿಜಾರಾಗಿದ್ದರೆ ಹೆದರಬೇಕಿಲ್ಲ, ಉಬ್ಬುತಗ್ಗುಗಳೇ ಶತ್ರು. ತಗ್ಗಿನ ಮೇಲೆ ಹಲಗೆ ಕಾಲಿಟ್ಟಾಗಲೆಲ್ಲ ಬಾಗಿ, ಪಕ್ಕದ ಹಲಗೆಯೊಳಗೆ ಸೇರಿ ಬೆಸೆದ ಅಂಚಿನ ನಾಲಗೆ ಕೊನೆಗೆ ಮುರಿಯುತ್ತದೆ. ಫೋಮನ್ನು ಎರಡು ಪದರ ಹಾಕಿ ಸರಿ ಮಾಡುತ್ತೇವೆ ಎಂದರೆ ಒಪ್ಪಬೇಡಿ, ಅದರಿಂದ ಬಾಗುವುದು ಇನ್ನೂ ಹೆಚ್ಚುತ್ತದೆ.

ಉಬ್ಬನ್ನು ಉಜ್ಜಿ ತೆಗೆಸಿ, ತಗ್ಗಿಗೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ (ತಾನಾಗಿ ಹರಿದು ಮಟ್ಟವಾಗುವ ಸಿಮೆಂಟಿನ ಮಿಶ್ರಣ) ಸುರಿಸಿ. ರೆಡ್ ಆಕ್ಸೈಡಿನ ವಿಶೇಷ ತೊಂದರೆ ಇರುವುದು ಇಲ್ಲಿಯೇ. ಮೂವತ್ತು ವರ್ಷ ಮೇಣ, ತೆಂಗಿನೆಣ್ಣೆ ತಿಕ್ಕಿಸಿಕೊಂಡು ಹೊಳೆಯುವ ಮೈಗೆ ಯಾವ ಗಾರೆಯೂ ಅಂಟುವುದಿಲ್ಲ. ಒಂದು ಹನಿ ನೀರು ಬಿಟ್ಟು ನೋಡಿ: ಮುತ್ತಿನ ಹಾಗೆ ನಿಂತೇ ಇದ್ದರೆ ಆ ಪದರವನ್ನು ಡೈಮಂಡ್ ಗ್ರೈಂಡರಿನಿಂದ ಉಜ್ಜಿಸಬೇಕು, ನೆಲ ನೀರನ್ನು ಹೀರಿದರೆ ಸರಿ. ಉಜ್ಜುವಾಗ ಏಳುವ ಸಿಮೆಂಟಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೆಲಸದವರಿಗೆ ಒಳ್ಳೆಯ ಮಾಸ್ಕ್ ಕೊಡಿ, ತಾಯಿಯವರನ್ನು ಆ ದಿನ ಬೇರೆಡೆ ಕಳಿಸಿ. ದೂಳನ್ನು ವ್ಯಾಕ್ಯೂಮ್‌ನಿಂದ ತೆಗೆದು, ಪ್ರೈಮರ್ ಬಳಿದು, ಚೀಲದ ಮೇಲೆ ಬರೆದಷ್ಟೇ ನೀರು ಬೆರೆಸಲು ಹೇಳಿ. ಸುಲಭವಾಗಿ ಹರಿಯಲೆಂದು ಒಂದು ಚೊಂಬು ಹೆಚ್ಚು ಸುರಿಯುವ ಅಭ್ಯಾಸ ನಮ್ಮವರಿಗಿದೆ. ಹಾಗೆ ಮಾಡಿದರೆ ಮೇಲ್ಮೈ ಹಿಟ್ಟಾಗುತ್ತದೆ.

ಬಿರುಕುಗಳಲ್ಲಿ ಎರಡೂ ಬದಿ ಒಂದೇ ಎತ್ತರದಲ್ಲಿದ್ದರೆ ಕೆತ್ತಿ ಅಗಲ ಮಾಡಿ ಪಾಲಿಮರ್ ಗಾರೆ ತುಂಬಿದರಾಯಿತು. ಒಂದು ಬದಿ ಕುಸಿದಿದ್ದರೆ ಅಡಿಯ ಮಣ್ಣು ಇಳಿದಿದೆ ಎಂದರ್ಥ. ಅಷ್ಟು ಭಾಗವನ್ನು ಅಗೆದು, ಮಣ್ಣು ಗಟ್ಟಿ ಮಾಡಿ, ಮತ್ತೆ ಕಾಂಕ್ರೀಟ್ ಹಾಕಿಸಬೇಕು. ಸುತ್ತಿಗೆಯ ಮರದ ಹಿಡಿಯಿಂದ ನೆಲವನ್ನೆಲ್ಲ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಒಡೆದು ತೆಗೆಸಿ. ಹೊಸ ಕಾಂಕ್ರೀಟ್ ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಒಣಗಬೇಕು ಎಂಬುದು ಅಂದಾಜು ಲೆಕ್ಕ, ನಮ್ಮ ಮಳೆಯಲ್ಲಿ ಇನ್ನೂ ಹೆಚ್ಚು.

ಗೆದ್ದಲಿನ ಔಷಧಕ್ಕೆ ನೆಲದಲ್ಲಿ ತೂತು ಕೊರೆಯುವುದಿದ್ದರೆ ಅದು ಪ್ಲಾಸ್ಟಿಕ್ ಹಾಳೆ ಹಾಸುವ ಮೊದಲೇ ಆಗಬೇಕು. ಹಲಗೆ, ಫೋಮ್ ಸೇರಿ ನೆಲ ಒಂದು ಸೆಂಟಿಮೀಟರಿನಷ್ಟು ಏರುವುದರಿಂದ ಬಾಗಿಲುಗಳ ಅಡಿಯನ್ನು ಕೊಯ್ಸಬೇಕಾಗಬಹುದು. ಗೋಡೆಯ ಸುತ್ತ 8ರಿಂದ 10 ಮಿಲಿಮೀಟರ್ ಜಾಗ ಬಿಡಿಸಿ.

ಹಣ ಕೊಡುವ ಮುನ್ನ ಗ್ಯಾರಂಟಿ ಕಾಗದವನ್ನು ಕೇಳಿ ಪಡೆದು, ಸಣ್ಣ ಅಕ್ಷರದಲ್ಲಿ ನೆಲದ ತೇವದ ಬಗ್ಗೆ ಏನಿದೆ ಎಂದು ಓದಿ. ಅಡಿಯಿಂದ ಬಂದ ನೀರಿಗೆ ತಾವು ಹೊಣೆಯಲ್ಲ ಎಂದಿದ್ದರೆ ಅದನ್ನು ಅಂಗಡಿಯವರಿಗೇ ತೋರಿಸಿ, ಎರಡು ದಿನದ ಕೆಲಸದ ಬಗ್ಗೆ ಈಗ ಏನು ಹೇಳುತ್ತಾರೆ ಕೇಳಿ.